ಹೊತ್ತು ಮುಳುಗಿದ ಮೇಲಿನ ಗುಳಿಗೆ

ಮೂಡಲಗಿಯ ಪಾತ್ರೆ ವ್ಯಾಪಾರಿ ತವನಪ್ಪನಿಗೆ ಹೆಂಡತಿ ರಾಜಮತಿ ತನ್ನದೊಂದು ಕಿಡ್ನಿ ಕೊಟ್ಟಳು. ಕೊಟ್ಟವಳು ಮನೆಗೆ ಬಂದು ಮೊದಲಿನಂತೆ ರೊಟ್ಟಿ ಬಡಿಯತೊಡಗಿದಳು. ಇಸಿದುಕೊಂಡವನು ವೈದ್ಯಶಾಸ್ತ್ರದ ಪಂಡಿತನಾದ. ಅಂಗಡಿಗೆ ಕೊಡ ಕೊಳ್ಳಲು ಬಂದವರು ಕೊಡದ ಜೊತೆಗೆ ಒಂದು ಉಪನ್ಯಾಸವನ್ನೂ ಹೊತ್ತುಕೊಂಡು ಹೋಗಬೇಕಾಗಿತ್ತು.

“ಕಿಡ್ನಿ ಹಾಕಿಸ್ಕೊಂಡವರಿಗೆ ಮುಂದ ಕಾಡೂದು ಹಾರ್ಟು. ಯಾಕ? ರಕ್ತದಾಗ ಹೋಮೋಸಿಸ್ಟೀನ್ ಏರತೈತಿ!” ಎಂದು ಅವನು ಬೆರಳೆತ್ತಿದರೆ, ಆ ಹೆಸರಿನ ಭಾರಕ್ಕೇ ಗಿರಾಕಿಗಳು ಚೌಕಾಶಿ ಮರೆಯುತ್ತಿದ್ದರು.

ಅದನ್ನು ಇಳಿಸಲೆಂದು ದಿನಾ ಬೆಳಿಗ್ಗೆ ಫೋಲಿಕ್ ಆಸಿಡ್ಡು, ಬಿ ವಿಟಮಿನ್ನುಗಳ ಗುಳಿಗೆ ನುಂಗುತ್ತಿದ್ದ. ಮೊಬೈಲಿನಲ್ಲಿ ಓದಿ ತನಗೆ ತಾನೇ ಬರೆದುಕೊಂಡ ಔಷಧಿ. ರಕ್ತಪರೀಕ್ಷೆಯಲ್ಲಿ ಅಂಕಿ ಖರೇನ ಇಳಿದಾಗಂತೂ ಅವನ ಎದೆ ಎರಡಂಗುಲ ಉಬ್ಬಿತು. ಒಳಗಿನ ರಕ್ತನಾಳಗಳು ಏನು ಮಾಡುತ್ತಿದ್ದವೋ, ಅವನ್ನು ಯಾರೂ ಕೇಳಲಿಲ್ಲ.

ಒಂದು ತೊಡಕಿತ್ತು. ಆಪರೇಷನ್ ಆಗಿ ಬದುಕಿ ಬಂದ ಮೇಲೆ ತವನಪ್ಪ ಬಸದಿಯಲ್ಲಿ ನೇಮ ಹಿಡಿದಿದ್ದ: ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಇಲ್ಲ, ನೀರು ಕೂಡ. ಕಿಡ್ನಿ ಕಾಯುವ ಗುಳಿಗೆಗಳನ್ನು ಬೆಳಿಗ್ಗೆ, ಸಂಜೆ ಹೊತ್ತಿರುವಾಗಲೇ ನುಂಗಿ ಮುಗಿಸುತ್ತಿದ್ದ. ಆದರೆ ಕೊಬ್ಬು ಇಳಿಸುವ ಗುಳಿಗೆಗೆ ಡಾಕ್ಟರು ‘ರಾತ್ರಿ’ ಎಂದು ಬರೆದಿದ್ದರು. ರಾತ್ರಿ ಎಂದರೆ ರಾತ್ರಿಯೇ. ಯಾರಿಗೂ ಹೇಳದೆ ಅದನ್ನು ಬಿಟ್ಟುಬಿಟ್ಟ. ಅದೂ ಹಾರ್ಟಿಗೆ, ವಿಟಮಿನ್ನೂ ಹಾರ್ಟಿಗೆ. ಅಣ್ಣ ಬರದಿದ್ದರೆ ತಮ್ಮ ದುಡಿಯುತ್ತಾನೆ ಎಂಬ ಲೆಕ್ಕ. ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಪಂಡಿತನಾದವನು ಕೇಳುವುದೆಲ್ಲಿ ಬಂತು?

ಆ ದಿನ ಹುಕ್ಕೇರಿಯಲ್ಲಿ ಬೀಗರ ಮನೆಯ ನಿಶ್ಚಯ ಮುಗಿಸಿ, ಗೆಳೆಯ ಸಿದ್ರಾಯನ ಕಾರಿನಲ್ಲಿ ಗಂಡ ಹೆಂಡತಿ ಗೋಕಾಕದ ದಾರಿ ಹಿಡಿದಿದ್ದರು. ಘಟಪ್ರಭೆ ದಾಟುವ ಹೊತ್ತಿಗೆ ತವನಪ್ಪನ ಮಾತು ನಿಂತಿತು. ರಾಜಮತಿ ತಿರುಗಿ ನೋಡಿದಳು. ಹಣೆಯ ಮೇಲೆ ಬೆವರು.

“ಏನಾಗಾಕತ್ತೈತ್ರಿ?”

“ಏನಿಲ್ಲ. ಗ್ಯಾಸು. ಹೋಳಗಿ ಹೆಚ್ಚಾಗೇತಿ.”

ಸಿದ್ರಾಯ ಕನ್ನಡಿಯಲ್ಲಿ ನೋಡಿ, ಪರೀಕ್ಷೆಗೆಂದೇ ಒಂದು ಕಲ್ಲು ಎಸೆದ. “ತವನ್ಯಾ, ವಿಟಮಿನ್ ಎಲ್ಲಾ ಇರೂದು ಗುಟ್ಕಾದಾಗಂತ. ನಮ್ಮ ಮಾವ ಹೇಳಾಕತ್ತಿದ್ದ.”

ತವನಪ್ಪ ತಿದ್ದಲಿಲ್ಲ. ಬೈಯಲೂ ಇಲ್ಲ. ಎಡಗೈಯನ್ನು ಬಲಗೈಯಿಂದ ಒತ್ತಿ ಹಿಡಿದು ಕೂತಿದ್ದ.

“ವೈನಿ, ಅಂವನ್ನ ಗಟ್ಟಿ ಹಿಡಕೊಳ್ರಿ,” ಎಂದು ಸಿದ್ರಾಯ ರಾಜಮತಿಗೆ ಹೇಳಿದ. ಅವನ ದನಿಯಲ್ಲಿ ನಗೆ ಇರಲಿಲ್ಲ. ಕಾರು ಗೋಕಾಕದ ಆಸ್ಪತ್ರೆಯ ಮುಂದೆಯೇ ನಿಂತಿತು.

ಡಾಕ್ಟರ್ ಸುಮನ್ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ರಾಜಮತಿಯಿಂದ ಕಿಡ್ನಿಯ ಸಂಗತಿ ಕೇಳಿಕೊಂಡು, ಇಸಿಜಿ ತಂತಿಗಳನ್ನು ಅಂಟಿಸುತ್ತಲೇ ಕೇಳಿದಳು: “ಕೊಬ್ಬಿನ ಗುಳಿಗಿ ದಿನಾ ತಗೋತೀರಿಲ್ರಿ?”

“ಅದು ರಾತ್ರಿದರಿ... ನಮ್ಮಲ್ಲಿ ನಡ್ಯಾಂಗಿಲ್ಲ. ವಿಟಮಿನ್ ಐತೆಲ್ರಿ. ಹೋಮೋಸಿಸ್ಟೀನ್ ಇಳದೈತಿ.”

ರಾಜಮತಿಯ ಮುಖ ಬಿಳಚಿತು. ಗುಳಿಗೆ ಬಿಟ್ಟ ಸುದ್ದಿ ಅವಳಿಗೆ ಈಗಲೇ ಗೊತ್ತಾದದ್ದು.

“ಇಳದಿರತೈತ್ರಿ,” ಡಾಕ್ಟರು ಇಸಿಜಿ ಪಟ್ಟಿ ನೋಡುತ್ತಲೇ ಹೇಳಿದಳು. “ನಿಮ್ಮಂಗ ಕಿಡ್ನಿ ಹಾಕಿಸ್ಕೊಂಡವರಿಗೇ ಆ ವಿಟಮಿನ್ ಕೊಟ್ಟು ವರ್ಷಗಟ್ಲೆ ನೋಡ್ಯಾರ. ಅಂಕಿ ಇಳೀತು, ಹಾರ್ಟ್ ಅಟ್ಯಾಕ್ ಕಡಿಮಿ ಆಗಲಿಲ್ಲ. ಕೊಬ್ಬಿನ ಗುಳಿಗಿ ಸಂಜಿ ಊಟದ ಜೋಡಿ ತಗೊಂಡ್ರೂ ನಡೀತಿತ್ತು. ಕೇಳಬೇಕಿಲ್ರಿ?” ತಕ್ಷಣ ದನಿ ಬಿಗಿಯಾಯಿತು. “ಅಟ್ಯಾಕ್ ಶುರು ಆಗೇತ್ರಿ. ರಕ್ತ ಹೆಪ್ಪುಗಟ್ಟದಂಗ ಈ ಗುಳಿಗಿ ಅಗದು ನುಂಗ್ರಿ, ಲಗೂನ.”

ತವನಪ್ಪ ಕಿಟಕಿ ನೋಡಿದ. ಹೊರಗೆ ಬೀದಿದೀಪ ಹತ್ತಿತ್ತು. ಬಾಯಿ ಬಿಗಿದುಕೊಂಡ.

“ಹೊತ್ತು ಮುಳಗೇತ್ರಿ... ಸೂಜಿ ಹಾಕ್ರಿ.”

“ಕಾಕಾ, ಒಂದೊಂದು ನಿಮಿಷಕ್ಕೂ ಹಾರ್ಟಿಗೆ ಪೆಟ್ಟು ಬೀಳಾಕತ್ತೈತಿ!”

ಅವನು ತಲೆ ಅಲ್ಲಾಡಿಸಿದ. ಸಿದ್ರಾಯ ಬೈಯಲು ಬಾಯಿ ತೆರೆದವನು, ಹಾಗೇ ಹೊರಗೆ ನಡೆದುಬಿಟ್ಟ. ರಾಜಮತಿ ಡಾಕ್ಟರ ಕೈಯಿಂದ ಗುಳಿಗೆ ಇಸಿದುಕೊಂಡು ಗಂಡನ ತುಟಿಗೆ ಹಿಡಿದಳು. ಕಿಡ್ನಿ ಕೊಟ್ಟ ದಿನದಿಂದ ಒಮ್ಮೆಯೂ ಅದರ ಮಾತು ಎತ್ತದವಳು ಅಂದು ಎತ್ತಿದಳು.

“ನಿಮ್ಮ ನೇಮಕ್ಕ ನಾ ಎಂದೂ ಅಡ್ಡ ಬಂದಿಲ್ರಿ. ಆದ್ರ ನಿಮ್ಮ ಹೊಟ್ಟ್ಯಾಗ ನಂದೂ ಒಂದೈತಿ. ಅದೇನು ಬಸದಿಗೆ ಹೋಗಿ ನೇಮ ಹಿಡದಿಲ್ಲ. ಅದರ ಪಾಲಿಂದು ನುಂಗ್ರಿ.”

ತವನಪ್ಪ ಅವಳನ್ನೇ ನೋಡಿದ. ಅವನು ಬಾಯಿ ತೆರೆದ. ಕಟಕಟ ಅಗಿದ. ಕಣ್ಣಂಚಿನಲ್ಲಿ ನೀರಾಡಿತು, ಕಹಿಗೋ, ಮತ್ತೆ ಯಾತಕ್ಕೋ. ಡಾಕ್ಟರು ಸೂಜಿಯನ್ನೂ ಚುಚ್ಚಿದಳು, ಮುಂದಿನ ಚಿಕಿತ್ಸೆಗೆ ಬೆಳಗಾವಿಗೆ ಫೋನು ಮಾಡಿದಳು. ಸ್ವಲ್ಪ ಹೊತ್ತಿಗೆ ಎದೆಯ ಹಿಡಿತ ಸಡಿಲಾಯಿತು. “ಈಗ ಸ್ವಲ್ಪ ಆರಾಮ ಅದಾರ, ಆಂಬುಲೆನ್ಸ್ ಹೊರಡ್ಲಿ,” ಎಂದಳು ಡಾಕ್ಟರು.

ರಾಜಮತಿ ಹೊರಗೆ ಬಂದಾಗ ಸಿದ್ರಾಯ ಗೋಡೆಗಾತು ನಿಂತಿದ್ದ.

“ವೈನಿ, ಹೆಂಗದಾನ್ರಿ? ಭಾಷಣ ಶುರು ಮಾಡ್ಯಾನ?”

“ಇಲ್ರಿ. ‘ಇದು ಯಾವ ಗುಳಿಗಿರಿ ಅವ್ವಾರ, ಯಾವಾಗ ತಗೋಬೇಕ್ರಿ’ ಅಂತ ಡಾಕ್ಟರಿಗೆ ಕೇಳಾಕತ್ತಾರ.”

“ತವನ್ಯಾ? ಡಾಕ್ಟರಿಗೆ ಕೇಳಾಕತ್ತಾನ?” ಸಿದ್ರಾಯ ಗೋಡೆ ಬಿಟ್ಟು ನೆಟ್ಟಗಾದ. “ಹಂಗಾದ್ರ ಅಂವಗ ರೋಗ ಭಾಳ ಜೋರ ಆಗೇತ್ರಿ ವೈನಿ. ನಡೀರಿ, ಆಂಬುಲೆನ್ಸ್ ಹತ್ತರಿ. ನಾ ಹಿಂದ ಬರತೇನಿ.”