ಒಂದು ಕೆಮ್ಮೂ ಇಲ್ಲದ ಕ್ಯಾಸೆಟ್ಟುಗಳು

ಗಡಿಯಾರ ರಿಪೇರಿಯವನ ಬಳಿ ನಲವತ್ತೆರಡು ಕ್ಯಾಸೆಟ್ಟುಗಳಿದ್ದವು. ಒಂದೂ ಅಂಗಡಿಯಲ್ಲಿ ಹಾಡು ತುಂಬಿಸಿ ತಂದದ್ದಲ್ಲ, ಎಲ್ಲ ಅವನ ಕೈಕೆಲಸ. ಗ್ರಂಥಾಲಯದವರು ಗ್ರಾಮಫೋನ್ ತಟ್ಟೆಗಳನ್ನು ಶನಿವಾರ ಎರವಲು ಕೊಟ್ಟು ಸೋಮವಾರ ವಾಪಸು ಕೇಳುತ್ತಿದ್ದರು. ಅಷ್ಟರೊಳಗೆ ಅವನು ಅವನ್ನು ಕ್ಯಾಸೆಟ್ಟಿಗೆ ಇಳಿಸಿಬಿಡುತ್ತಿದ್ದ. ಕೊಳಲು, ಪಿಟೀಲು, ಬ್ಯಾಂಡು, ಮಕ್ಕಳ ಹಾಡು, ಯಾವುದೋ ದೂರದ ಭಾಷೆಯ ಹೆಂಗಸಿನ ಹಾಡು, ಹೀಗೆ ಇಂಥದ್ದೇ ಬೇಕೆಂಬ ಹಟ ಅವನಿಗಿರಲಿಲ್ಲ.

ಹಟವಿದ್ದದ್ದು ಬೇರೆ ವಿಷಯಕ್ಕೆ. ತಟ್ಟೆ ನುಡಿಸುವ ಪೆಟ್ಟಿಗೆಯಿಂದ ಟೇಪ್ ರೆಕಾರ್ಡರಿಗೆ ತಂತಿ ಎಳೆಯುವ ಅನುಕೂಲ ಇರಲಿಲ್ಲ. ಸ್ಪೀಕರಿನ ಎದುರಿಗೆ ಎರಡು ದಿಂಬು, ದಿಂಬಿನ ಮೇಲೆ ಟೇಪ್ ರೆಕಾರ್ಡರು, ಅಷ್ಟೇ ಏರ್ಪಾಡು. ಕೋಣೆಯಲ್ಲಿ ಏನು ಸದ್ದಾದರೂ ಅದು ಹಾಡಿನ ಜೊತೆಗೇ ಒಳಗೆ ಹೋಗುತ್ತಿತ್ತು. ಆದ್ದರಿಂದ ಮಹಾರಾಯ ಕಿಟಕಿ ಮುಚ್ಚುತ್ತಿದ್ದ, ಫ್ಯಾನು ಆರಿಸುತ್ತಿದ್ದ, ರಿಪೇರಿಗೆ ಬಂದು ಗೋಡೆ ಹತ್ತಿದ್ದ ಏಳು ಗಡಿಯಾರಗಳ ಲೋಲಕಗಳನ್ನು ಒಂದೊಂದಾಗಿ ಹಿಡಿದು ನಿಲ್ಲಿಸುತ್ತಿದ್ದ. ಕೊನೆಗೆ ಹೆಂಡತಿಯನ್ನು ಹೊರಗೆ ಕಳಿಸುತ್ತಿದ್ದ.

ಹಾಡು ಕಿವಿಗೆ ಬಿದ್ದರೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಗೊತ್ತಿದ್ದರೆ ಹಾಡುವಳು, ಗೊತ್ತಿಲ್ಲದಿದ್ದರೆ ಗುನುಗುವಳು, ಅದೂ ಆಗದಿದ್ದರೆ ‘ಈ ಕೊಳಲಿನವನಿಗೆ ಉಸಿರೇ ಬೇಡವಾ?’ ಎಂದು ಕೇಳುವಳು. ಇವನಿಗೋ ಮೂಗಿನ ತುದಿಯಲ್ಲೇ ಕೋಪ.

“ಬರೀ ಅರ್ಧ ಗಂಟೆ ಕಣೆ. ಹೊರಗೆ ಕೂತಿರು,” ಅನ್ನುತ್ತಿದ್ದ.

“ಕೂತಿರ್ತೀನಿ ಬಿಡಿ. ನಿಮ್ಮ ಗಡಿಯಾರಗಳಿಗಿಂತ ನಾನೇ ವಾಸಿ, ಹೇಳಿದ್ ಮಾತು ಕೇಳ್ತೀನಿ,” ಎಂದು ನಗುತ್ತ ಅವಳು ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಸಿದ್ಧ ಉಡುಪಿನ ಕಾರ್ಖಾನೆಯಿಂದ ತಂದ ಅಂಗಿಗಳಿಗೆ ಅಲ್ಲೇ ಗುಂಡಿ ಹೊಲಿಯುತ್ತಿದ್ದಳು. ಹೀಗೆ ಒಂಬತ್ತು ವರ್ಷ.

ಕಳೆದ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಐದನೆಯ ದಿನ ಅವಳಿಲ್ಲ.

ಅವಳ ತಂಗಿ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ತಿಂಗಳ ಹಿಂದೆ ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು. “ಭಾವ, ಅಕ್ಕನ ಮುಖ ಫೋಟೋದಲ್ಲಾದ್ರೂ ಇದೆ. ದನಿ ಮರ್ತು ಹೋಗ್ತಾ ಇದೆ ನಂಗೆ. ನಿಮ್ ಕ್ಯಾಸೆಟ್ಟಲ್ಲಿ ಎಲ್ಲಾದ್ರೂ ಒಂದು ಮಾತು ಸಿಕ್ಕಿರಲ್ವಾ?”

“ಸಿಕ್ಕೇ ಇರುತ್ತೆ,” ಅಂದ. ಅವನಿಗೂ ಆ ದನಿ ಜಾರಿಹೋಗುತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

ಅಂದಿನಿಂದ ವಾರಕ್ಕೆ ಮೂರು ಸಂಜೆ ಇಬ್ಬರೂ ಕೂತು ಕೇಳಿದರು. ಇಂದು ಉಳಿದದ್ದು ಮೂರೇ ಕ್ಯಾಸೆಟ್ಟು. ನಾದಿನಿ ಕೆಲಸದಿಂದ ನೇರ ಬಂದಿದ್ದಳು, ಕೈಗೆ ಇನ್ನೂ ಗಂಜಿಯ ವಾಸನೆ. ಬಿಸಿಲಿನ್ನೂ ಕಿಟಕಿಯಲ್ಲಿತ್ತು. ಅವನು ಟೀ ಮಾಡಿ ಕೊಟ್ಟು ಮೊದಲನೆಯದನ್ನು ಹಾಕಿದ.

ಬ್ಯಾಂಡಿನ ಕ್ಯಾಸೆಟ್ಟು. ತುತ್ತೂರಿಗಳು ಮನೆ ಹಾರಿಹೋಗುವಂತೆ ಅರಚಿದವು. ನಡುವೆ ಮಾತಿಲ್ಲ, ಕೆಮ್ಮಿಲ್ಲ, ಹೆಜ್ಜೆ ಸಪ್ಪಳವಿಲ್ಲ. ಹಿಂದೆಲ್ಲ ಗೆಳೆಯರಿಗೆ ಕೇಳಿಸಿ ‘ನೋಡಿ, ಒಂದು ಸೊಳ್ಳೆ ಸದ್ದೂ ಇಲ್ಲ’ ಎಂದು ಜಂಬ ಕೊಚ್ಚಿದ್ದ. ಈಗ ಅವನೇ ಒಂದು ಕೆಮ್ಮಿಗಾಗಿ ಟೇಪ್ ರೆಕಾರ್ಡರಿಗೆ ಕಿವಿ ಹಚ್ಚಿದ್ದ.

ಎರಡನೆಯದು ಪಿಟೀಲು. ಅವನು ಕೈಯಲ್ಲಿ ಲೋಟ ಹಿಡಿದೇ ಕೂತ.

“ಇದರಲ್ಲಿ ಇತ್ತು,” ಅಂದ. “ಬಾಗಿಲ ಸಂದಿಯಿಂದ ‘ಟೀ ಕುಡೀತೀರಾ’ ಅಂತ ಕೇಳ್ಬಿಟ್ಟಿದ್ಲು. ಬಾಯಿಗೆ ಬಂದಂಗೆ ಬೈದೆ. ಆಮೇಲೆ ಹಿಂದಕ್ಕೆ ಸುತ್ತಿ ಮೊದಲಿಂದ ತುಂಬಿಸ್ದೆ. ಆ ಮಾತಿನ ಮೇಲೇನೆ.”

ನಾದಿನಿ ಪಿಟೀಲು ಕೇಳುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ, “ಈ ರಾಗ ಅಕ್ಕ ಬಟ್ಟೆ ಒಣಗಿ ಹಾಕ್ತಾ ಗುನುಗ್ತಿದ್ಲು ಭಾವ,” ಅಂದಳು. “ಹೊರಗೆ ಕೂತೇ ಕಲ್ತಿದ್ಲು ಅನ್ಸುತ್ತೆ.”

ಬಾಗಿಲ ಆಚೆಗೆ ಕೂತು ಅವಳು ಪೂರ್ತಿ ಕೇಳುತ್ತಿದ್ದಳೆಂಬುದು ಅವನಿಗೆ ಎಂದೂ ಹೊಳೆದೇ ಇರಲಿಲ್ಲ.

ಕೊನೆಯದು ಕೊಳಲು. ಮೊದಲ ಮಗ್ಗುಲಲ್ಲಿ ಏನೂ ಸಿಗಲಿಲ್ಲ. ತಿರುಗಿಸಿ ಹಾಕಿದ. ಕೊಳಲು ನಿಧಾನ ಹತ್ತಿ, ಇಳಿದು, ನಿಂತಿತು. ತಟ್ಟೆಯ ಮೇಲೆ ಮುಳ್ಳು ಕರಕರ ಸುತ್ತಿತು. ಮುಳ್ಳು ಎತ್ತಿದ ಸದ್ದು. ಅಂದು ಅವನು ಟೇಪನ್ನು ಇನ್ನೂ ನಿಲ್ಲಿಸಿರಲಿಲ್ಲ. ನಾದಿನಿ ಲೋಟ ಕೆಳಗಿಟ್ಟು ಮುಂದಕ್ಕೆ ಬಾಗಿದಳು.

ಅವನದೇ ದನಿ ಬಂತು, ಎಳೆಯದು, ಖುಷಿಯದು. “ಮುಗೀತು, ಬಾರೇ ಒಳಗೆ.”

ಚಿಲಕ ಸರಿಯಿತು. ಬಾಗಿಲು ಕಿರುಗುಟ್ಟಿತು. ಎರಡು ಹೆಜ್ಜೆ. ಮಾತಾಡುವ ಮುನ್ನ ಎಳೆದುಕೊಳ್ಳುತ್ತಾರಲ್ಲ, ಅಂಥ ಒಂದು ಉಸಿರು. ಟಕ್.

ಆಮೇಲೆ ಬರಿ ಟೇಪು ಸುತ್ತುವ ಸದ್ದು.

ಮತ್ತೆ ಹಾಕಿದರು. ಬಾರೇ ಒಳಗೆ, ಬಾಗಿಲು, ಹೆಜ್ಜೆ, ಉಸಿರು, ಟಕ್. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಅವನಿಗೆ ಅಳಲೂ ಆಗಲಿಲ್ಲ. ಟೇಪು ನಿಲ್ಲಿಸುವ ಆ ಗುಂಡಿ ಒತ್ತಿದ ಬೆರಳು ತನ್ನದೇ.

ಕಣ್ಣೊರೆಸಿಕೊಂಡು ಅವಳು ಕೇಳಿದಳು. “ಹೋಗ್ಲಿ ಭಾವ, ನೀವೇ ಹೇಳಿ. ಒಳಗೆ ಬಂದು ಅಕ್ಕ ಏನಂದ್ಲು?”

ಅವನು ಬಾಯಿ ತೆರೆದ. ಆ ತಟ್ಟೆಯಲ್ಲಿ ಯಾವುದಾದ ಮೇಲೆ ಯಾವ ರಾಗ, ಎಲ್ಲಿ ಗೀರು ಬಿದ್ದಿತ್ತು, ಯಾವ ಶನಿವಾರ ತಂದದ್ದು, ಎಲ್ಲ ನಾಲಿಗೆ ತುದಿಯಲ್ಲಿತ್ತು.

“ನೆನಪಿಲ್ಲ ಕಣಮ್ಮ,” ಅಂದ. “ನಾನು ಆಗ ಕ್ಯಾಸೆಟ್ಟಿನ ಮೇಲೆ ಹೆಸ್ರು ಬರೀತಿದ್ದೆ.”