ಅಮ್ಮ ಅತ್ತದ್ದು ಅವಳ ಕತೆಗೆ

ನಾನೂ ನನ್ನ ಗೆಳತಿಯೂ ಶಿರಾದ ಒಂದೇ ಹೈಸ್ಕೂಲಿನಲ್ಲಿ ಟೀಚರುಗಳು. ಇಬ್ಬರಿಗೂ ವೈಜ್ಞಾನಿಕ ಕತೆ ಬರೆಯುವ ಹುಚ್ಚು. ಅವಳ ಮನೆಮಾತು ಉರ್ದು. ಆದರೂ ಕನ್ನಡವನ್ನು ನನಗಿಂತ ಚೆನ್ನಾಗಿ ಬರೆಯುತ್ತಾಳೆ. ಹೀಗನ್ನುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಹೋದ ವರ್ಷ ಮಧುಗಿರಿಯ ಕಾಲೇಜೊಂದರಲ್ಲಿ ನಮ್ಮಿಬ್ಬರ ಕತೆಗಳ ಓದು ಇತ್ತು. ಕೊಡಿಗೇನಹಳ್ಳಿಯಿಂದ ಅಮ್ಮನನ್ನೂ ಕರೆಸಿಕೊಂಡಿದ್ದೆ. ಇಬ್ಬರೂ ಒಂದೇ ವಸ್ತು ಆರಿಸಿಕೊಂಡಿದ್ದೆವು: ಬೇರೆ ಲೋಕದ ಸೈನ್ಯ ಬಂದು ಒಂದು ಊರನ್ನು ಆಕ್ರಮಿಸಿಕೊಂಡರೆ ಊರಿನವರು ಏನು ಮಾಡುತ್ತಾರೆ? ನನ್ನ ಕತೆಯಲ್ಲಿ ಬೆಳಕಿನ ಬಂದೂಕು, ಸುರಂಗ, ಕೊನೆಗೊಂದು ಸ್ಫೋಟ. ಜನ ಚಪ್ಪಾಳೆ ತಟ್ಟಿದರು. ಅಮ್ಮ ಆಕಳಿಸಿದಳು.

ಗೆಳತಿಯ ಕತೆಯಲ್ಲಿ ಯಾರೂ ಒಂದು ಕಲ್ಲನ್ನೂ ಎಸೆಯುವುದಿಲ್ಲ. ಊರೇ ಸತ್ತಿತೆಂದು ಜನ ಸೂತಕ ಹಿಡಿಯುತ್ತಾರೆ. ಒಲೆ ಹಚ್ಚುವುದಿಲ್ಲ, ಅಂಗಡಿ ತೆರೆಯುವುದಿಲ್ಲ. ಹೆಂಗಸರು ಬೀದಿಯಲ್ಲಿ ಕೂತು ಹಾಡಿಕೊಂಡು ಅಳುತ್ತಾರೆ. ಒಬ್ಬಳಿಗೆ ಮೈಮೇಲೆ ಬಂದು, ಸತ್ತವರೆಲ್ಲ ಅವಳ ಬಾಯಿಂದ ಮಾತಾಡತೊಡಗುತ್ತಾರೆ. ಎದುರು ನಿಂತ ಸೈನಿಕನ ಸತ್ತ ತಾಯಿಯೂ ಬಂದು, "ಉಂಡೆಯಾ ಮಗಾ?" ಎನ್ನುತ್ತಾಳೆ. ಅವನು ಆಯುಧ ಕೆಳಗಿಟ್ಟು ಅಳುವವರ ಪಕ್ಕ ಕೂರುತ್ತಾನೆ. ಮಾರನೆಯ ದಿನ ಇನ್ನೂ ಕೆಲವರು ಕೂರುತ್ತಾರೆ. ಕೊನೆಗೆ ಸೈನ್ಯ ಊರು ಬಿಟ್ಟು ಹೋಗುತ್ತದೆ.

ಓದು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನನ್ನ ಯಾವ ಕತೆಗೂ ಅವಳ ಕಣ್ಣು ಒದ್ದೆಯಾದದ್ದಿಲ್ಲ. ಹೊಟ್ಟೆ ಉರಿದುಹೋಯಿತು.

ಹೊರಗೆ ಬಂದ ಮೇಲೆ ಗೆಳತಿಯನ್ನು ಕೇಳಿದೆ: "ಮೈಮೇಲೆ ಬರೋದನ್ನ ಅಷ್ಟು ಸರಿಯಾಗಿ ಹೆಂಗೆ ಬರ್ದೆ?"

"ನಿಮ್ಮಮ್ಮನೇ ಹೇಳಿದ್ದು ಕಣೇ. ನಿಮ್ಮನೆಗೆ ಬಂದಿದ್ನಲ್ಲ, ಆವಾಗ. ನಿಮ್ಮಜ್ಜಿ ತೀರ್ಕೊಂಡ ದಿನ ಅಮ್ಮನ ಮೈಮೇಲೇ ಬಂದಿತ್ತಂತಲ್ಲ."

ನನಗೆ ಗೊತ್ತೇ ಇರಲಿಲ್ಲ. ಅಮ್ಮನ ಕಡೆ ತಿರುಗಿ, "ನಂಗ್ಯಾಕಮ್ಮ ಹೇಳ್ಲಿಲ್ಲ?" ಎಂದೆ.

"ನೀನು ಕೇಳ್ಲಿಲ್ವಲ್ಲೇ. ಆವಾಗ ಅವ್ರಮ್ಮ ತೀರ್ಕೊಂಡಿದ್ದ ಹೊಸ್ತು. ಕೇಳಿದ್ಲು, ಹೇಳ್ಬುಟ್ಟೆ."

ತಾಯಿ ತೀರಿಕೊಂಡವಳ ಮೇಲೆ ಹೊಟ್ಟೆಕಿಚ್ಚು ಪಡಬಾರದು. ನಾನು ಪಟ್ಟೆ.

ಗೆಳತಿ ಶಿರಾ ಬಸ್ಸು ಹತ್ತಿದಳು. ನಾನು ಊರಿನ ಬಸ್ಸಿನಲ್ಲಿ ಅಮ್ಮನ ಪಕ್ಕ ಕೂತು, "ಈಗ ನಂಗೂ ಹೇಳು" ಎಂದೆ. ಅಮ್ಮ ಶುರು ಮಾಡಿದಳು: ಅಜ್ಜಿಯ ತಲೆಯ ಹತ್ತಿರ ಕೂತದ್ದು, ಅಳುತ್ತಾ ಅಳುತ್ತಾ ಕೈಕಾಲು ತಣ್ಣಗಾದದ್ದು, ತನ್ನ ಗಂಟಲಿಂದ ಅಜ್ಜಿಯ ದನಿ ಬಂದದ್ದು. ಅಜ್ಜಿ ಏನು ಹೇಳಿದಳೆಂಬಲ್ಲಿಗೆ ಬಂದು ನಿಲ್ಲಿಸಿದಳು.

"ಇದನ್ನ ಅವ್ಳಿಗೆ ಹೇಳಿರ್ಲಿಲ್ಲ ಕಣೇ. ಫೋನ್ ಹಾಕು, ಅವ್ಳೂ ಕೇಳ್ಲಿ."

ಹಾಕಿದೆ. ಅಮ್ಮನ ಬಾಯಿಯ ಹತ್ತಿರ ಫೋನು ಹಿಡಿದುಕೊಂಡೇ ಕೊಡಿಗೇನಹಳ್ಳಿ ತಲುಪಿದೆ. ಕೈ ನೋಯುತ್ತಿತ್ತು. ಅವರಿಬ್ಬರೂ ಅಳುತ್ತಿದ್ದರು.