ಹಿತ್ತಲಿನಿಂದ ಕರೆದರೆ

ನಮ್ಮ ಮನೆಯಲ್ಲಿ ನಾನು ಚಿಕ್ಕವಳಿದ್ದಾಗಿನಿಂದ ತೀರ್ಮಾನವಾಗದ ಒಂದು ಜಗಳವಿತ್ತು. ಮಲ್ಲೇಶ್ವರದ ಒಂದು ದೊಡ್ಡ ಮನೆಯ ಹಿತ್ತಲಲ್ಲಿ ನಿಂತು ಕರೆದರೆ ನಡುಮನೆಗೆ ಕೇಳಿಸುತ್ತದೋ ಇಲ್ಲವೋ ಎಂಬುದೇ ಜಗಳದ ವಿಷಯ. ಕೇಳಿಸುತ್ತದೆ ಎಂದು ಅಮ್ಮ, ಕೇಳಿಸಿರಲಿಕ್ಕಿಲ್ಲ ಎಂದು ಅಪ್ಪ. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಸಾರಿನ ಉಪ್ಪಿಗೆ, ನೆಂಟರ ಮದುವೆಗೆ ಕಿತ್ತಾಡುತ್ತಾರೆ. ನಮ್ಮವರಿಗೆ ಇದೊಂದೇ ಸಾಕಾಗಿತ್ತು.

ಅಮ್ಮ ಆ ಮನೆಯಲ್ಲಿ ಪಾತ್ರೆ ತೊಳೆದು ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ಬೆಳಿಗ್ಗೆ ಶ್ರೀರಾಂಪುರದಿಂದ ನಡೆದು ಹೋಗಿ, ಮನೆಗಳ ಬೆನ್ನಿಗಿರುವ ಓಣಿಯಿಂದ ಹಿತ್ತಲಿಗೆ ಸೇರಬೇಕು. ತೊಳೆದ ಪಾತ್ರೆಗಳನ್ನು ಕಲ್ಲಿನ ಮೇಲೆ ಬೋರಲು ಹಾಕಿ "ಅಮ್ಮಾವ್ರೇ" ಎಂದು ಕರೆಯಬೇಕು. ಮನೆಯಾಕೆ ಬಂದು, ಆ ಪಾತ್ರೆಗಳ ಮೇಲೆ ಇನ್ನೊಂದು ಸಲ ನೀರು ಸುರಿದು ಒಳಗೆ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಅಮ್ಮನ ಲೋಟಕ್ಕೆ ಮೇಲಿನಿಂದ ಕಾಫಿ ಬೀಳುತ್ತಿತ್ತು. ಅವರು ಬರುವ ತನಕ ಅಮ್ಮ ಕದಲುವಂತಿರಲಿಲ್ಲ. ಒಂದೊಂದು ದಿನ ಅರ್ಧ ಗಂಟೆ ಕಾದು ಮುಂದಿನ ಮನೆಗೆ ತಡವಾಗಿ, ಅಲ್ಲಿ ಬೈಸಿಕೊಳ್ಳುತ್ತಿದ್ದಳು. ಮನೆಯಾಕೆ ಬಂದಾಗಲೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ಅಯ್ಯೋ, ಕೇಳಿಸ್ಲೇ ಇಲ್ಲ ಕಣೇ."

ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದ ಅಪ್ಪ ಯಾರ ಬಗ್ಗೆಯೂ ಕೆಟ್ಟದಾಗಿ ಯೋಚಿಸಲಾರದ ಮನುಷ್ಯ. "ದೊಡ್ಡ ಮನೆ, ಒಳಗೆ ರೇಡಿಯೋ ಬೇರೆ. ಪಾಪ, ಕೇಳಿಸಿರಲ್ಲ ಬಿಡೇ" ಎನ್ನುತ್ತಿದ್ದ. "ಸಾಹೇಬ್ರು ಬೆಲ್ ಒತ್ತಿದ್ರೆ ನಿಮಗೆ ಎರಡು ರೂಮಿನಾಚೆ ಕೇಳಿಸ್ತಿರಲಿಲ್ವಾ?" ಎಂದು ಅಮ್ಮ ತಿರುಗೇಟು ಕೊಡುತ್ತಿದ್ದಳು. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ನಡುಮನೆಯನ್ನು ಒಂದು ಸಲವೂ ಕಂಡಿರದ ಅಮ್ಮನಿಗೆ ವಾದ ಗೆಲ್ಲುವ ದಾರಿಯೂ ಇರಲಿಲ್ಲ.

ಮೊನ್ನೆ ನಮ್ಮ ಬ್ಯಾಂಕಿನ ಸಹೋದ್ಯೋಗಿಯೊಬ್ಬಳು, ಮಲ್ಲೇಶ್ವರದಲ್ಲಿ ಮೂರು ಹಳೆಯ ಮನೆಗಳನ್ನು ಕೆಡವದೆ ಉಳಿಸಿ, ಸುತ್ತ ಪಾರ್ಕ್ ಮಾಡಿ, ಜನರಿಗೆ ತೋರಿಸುತ್ತಿದ್ದಾರೆ ಎಂದು ಫೋಟೋ ತೋರಿಸಿದಳು. ಮನೆಗೆ ತಂದು ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ಇಳಿಸಿ ನೋಡಿದವಳು "ಮಧ್ಯದ್ದು ನಮ್ಮದು" ಎಂದಳು. ಆ ಭಾನುವಾರವೇ ಹೋಗಬೇಕೆಂದು ಹಟ ಹಿಡಿದಳು. ಮದುವೆಮನೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟಳು. "ಇವತ್ತು ಗೊತ್ತಾಗೋಗ್ಲಿ" ಎಂದು ಅಪ್ಪನನ್ನೂ ಎಳೆದುಕೊಂಡಳು.

ಪಾರ್ಕಿನ ಗೇಟಿನಲ್ಲಿ ಟಿಕೆಟ್ ಕೊಂಡು ಇಬ್ಬರ ಕೈಗೂ ಕೊಟ್ಟೆ. ಅಪ್ಪ ಸೂಚನೆಗಳ ಬೋರ್ಡಿನ ಮುಂದೆ ನಿಂತು ಒಂದಕ್ಷರ ಬಿಡದೆ ಓದತೊಡಗಿದ. ಚಿಲ್ಲರೆ ಪರ್ಸಿಗೆ ಹಾಕಿ ತಿರುಗಿ ನೋಡುತ್ತೇನೆ, ಅಮ್ಮ ಇಲ್ಲ. ಎಪ್ಪತ್ತು ದಾಟಿದ ಹೆಂಗಸು, ಮಂಡಿ ನೋವು ಬೇರೆ. ಎಲ್ಲಿಗೆ ಹೋದಳೆಂದು ನನಗೆ ಗಾಬರಿಯಾಯಿತು. ಮನೆ ತೋರಿಸಲು ಅಲ್ಲಿದ್ದ ಕಾಲೇಜು ಹುಡುಗಿಯೂ ಹುಡುಕಲು ಬಂದಳು. ಹೂಗಿಡಗಳ ಹತ್ತಿರ ಇಲ್ಲ, ಬೆಂಚುಗಳ ಮೇಲೆ ಇಲ್ಲ. ಕೊನೆಗೆ ಸಿಕ್ಕಿದ್ದು ಹಿಂದಿನ ಓಣಿಯಲ್ಲಿ. ಒಂದು ಕೈಯಲ್ಲಿ ಟಿಕೆಟ್ ಹಿಡಿದು ಇನ್ನೊಂದು ಕೈಯಿಂದ ಹಿತ್ತಲ ಬಾಗಿಲಿನ ಚಿಲಕ ತಡಕಾಡುತ್ತಿದ್ದಳು.

"ಅಮ್ಮ, ಬಾಗಿಲು ಮುಂದುಗಡೆ ಇದೆ" ಎಂದೆ.

ಅಮ್ಮ ನನ್ನ ಮುಖ ನೋಡಿ, ಟಿಕೆಟ್ ನೋಡಿ, ಹಣೆ ಚಚ್ಚಿಕೊಂಡು ನಗತೊಡಗಿದಳು. "ಕಾಲು ನನ್ನ ಮಾತು ಕೇಳ್ಬೇಕಲ್ಲ. ಅದ್ರ ಪಾಡಿಗೆ ಅದು ಬಂದ್ಬಿಡ್ತು."

ನನಗೆ ನಗು ಬರಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆಗಲೂ ಬಂತು, ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಆ ಹುಡುಗಿ ಮಾತ್ರ "ಪರ್ವಾಗಿಲ್ಲ ಅಜ್ಜಿ, ಇಲ್ಲಿಂದಲೇ ಶುರು ಮಾಡೋಣ" ಎಂದು ಬೀಗ ತೆಗೆದಳು.

ಹಿತ್ತಲಿಗೆ ಕಾಲಿಟ್ಟದ್ದೇ ತಡ, ಮನೆ ತೋರಿಸುವ ಕೆಲಸವನ್ನು ಅಮ್ಮ ತಾನೇ ವಹಿಸಿಕೊಂಡಳು. ಒಗೆಯುವ ಕಲ್ಲನ್ನು ಎರಡಡಿ ಸರಿಸಿಬಿಟ್ಟಿದ್ದಾರೆ ಎಂದಳು. ನೀರು ಕಾಯಿಸುವ ಹಂಡೆ ಇಷ್ಟು ಫಳಫಳ ಹೊಳೆದರೆ ಅದು ಹಂಡೆಯೇ ಅಲ್ಲ, ಹೊರಮೈಗೆ ಮಸಿ ಇರಬೇಕು ಎಂದಳು. ಹುಡುಗಿ ಎಲ್ಲಕ್ಕೂ ಹೂಂ ಎನ್ನುತ್ತಾ ಬಂದಳು. ಗೋಡೆಯಲ್ಲೊಂದು ಸಣ್ಣ ಗೂಡಿತ್ತು. ಕೆಳಗೆ "ದೀಪದ ಗೂಡು" ಎಂದು ಚೀಟಿ ಅಂಟಿಸಿದ್ದರು.

"ದೀಪ ಅಲ್ಲ ಕಣಮ್ಮ. ನನ್ನ ಲೋಟ ಇರ್ತಿತ್ತು ಇಲ್ಲಿ" ಎಂದಳು ಅಮ್ಮ.

"ಒಳಗೆ ಯಾಕೆ ಇಡ್ತಿರ್ಲಿಲ್ಲ ಅಜ್ಜಿ?" ಎಂದು ಕೇಳಿದ ಹುಡುಗಿ, ಪ್ರಶ್ನೆ ಮುಗಿಯುವಷ್ಟರಲ್ಲಿ ತಾನೇ ಉತ್ತರ ತಿಳಿದುಕೊಂಡಳು. "ನಾನು ಬರ್ಕೊಳ್ಳಲಾ?" ಎಂದು ಕೇಳಿ ಫೋನಿನಲ್ಲಿ ಬರೆದುಕೊಂಡಳು. ಅಮ್ಮ ಅವಳ ಬೆನ್ನು ತಟ್ಟಿ, "ಬರ್ಕೋ. ಲೋಟದ ಅಂಚು ಒಂದು ಕಡೆ ನೆಗ್ಗಿತ್ತು, ಅದೂ ಬರ್ಕೋ" ಎಂದಳು.

ಅಲ್ಲಿಂದ ಅಡುಗೆಮನೆ ದಾಟಿದರೆ ನಡುಮನೆ, ಹತ್ತು ಹೆಜ್ಜೆ. ಅಮ್ಮ ಒಪ್ಪಲಿಲ್ಲ. "ಇಲ್ಲಿಂದ ಬೇಡ. ಟಿಕೆಟ್ ತಗೊಂಡಿದೀವಿ, ಮುಂದಿಂದ ಬರ್ತೀನಿ" ಎಂದು ಮಂಡಿ ಹಿಡಿದುಕೊಂಡು ಇಡೀ ಮನೆ ಸುತ್ತಿ ಬಂದಳು. ಮುಂಬಾಗಿಲಲ್ಲಿ ಒಂದು ಗಳಿಗೆ ನಿಂತು, ಹೊಸ ಸೊಸೆಯ ಹಾಗೆ ಬಲಗಾಲಿಟ್ಟು ಒಳಗೆ ಹೋದಳು.

ಕೆಂಪು ಗಾರೆ ನೆಲ, ಎರಡು ಮರದ ಕಂಬ, ಒಂದು ಉಯ್ಯಾಲೆ. ಅಷ್ಟೇ. ಅಮ್ಮ ಆ ಗೋಡೆಯಿಂದ ಈ ಗೋಡೆಗೆ ನಡೆದು, "ಇಷ್ಟೇನಾ?" ಎಂದಳು. "ನಮ್ಮ ಹಾಲೇ ಇದಕ್ಕಿಂತ ದೊಡ್ಡದು ಅಲ್ವೇನೇ? ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರಲ್ಲ, ಹಂಗಾಯ್ತು." ಅವಳು ನಕ್ಕದ್ದು ನೋಡಿ ನನಗೂ ನಗು ಬಂತು.

ಆಮೇಲೆ, ಬೋರ್ಡು ಓದಿ ಮುಗಿಸಿ ಬಂದು ಸೇರಿದ್ದ ಅಪ್ಪನ ಕಡೆ ತಿರುಗಿದಳು. "ರೀ, ಹಿತ್ತಲಿಗೆ ಹೋಗಿ. ಕಲ್ಲಿನ ಹತ್ರ ನಿಂತ್ಕೊಂಡು ಅಮ್ಮಾವ್ರೇ ಅಂತ ಕರೀರಿ. ಕಿರುಚಬಾರ್ದು. ನಾನು ಕರೀತಿದ್ದ ಹಾಗೆ ಕರೀಬೇಕು."

"ರೇಡಿಯೋ ಇರ್ತಿತ್ತಲ್ಲ" ಎಂದ ಅಪ್ಪ.

ಹುಡುಗಿಗೆ ಅಷ್ಟರಲ್ಲಿ ಇಡೀ ವ್ಯಾಜ್ಯ ಅರ್ಥವಾಗಿತ್ತು. ಫೋನಿನಲ್ಲಿ ಯಾವುದೋ ಹಾಡು ಹಾಕಿ ಕಿಟಕಿಯ ಮೇಲಿಟ್ಟಳು. ಅಪ್ಪ ತೃಪ್ತಿಯಿಂದ ತಲೆಯಾಡಿಸಿ, ಅಡುಗೆಮನೆಯ ಬಾಗಿಲನ್ನೂ ಅರ್ಧ ಮುಂದೆ ಮಾಡಿಸಿ, ಹಿತ್ತಲಿಗೆ ಹೋದ.

"ಅಮ್ಮಾವ್ರೇ."

ಹಾಡಿನ ಮೇಲೂ ಸ್ಪಷ್ಟವಾಗಿ ಕೇಳಿಸಿತು. ಅಪ್ಪ ಪಕ್ಕದ ಕೋಣೆಯಲ್ಲೇ ನಿಂತು ಕರೆದ ಹಾಗಿತ್ತು. ಹುಡುಗಿ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಅಮ್ಮ ಕೈ ಕಟ್ಟಿಕೊಂಡು ಕಂಬಕ್ಕೆ ಒರಗಿದಳು.

"ಅಮ್ಮಾವ್ರೇ."

ನಾನು ಓ ಎನ್ನಲು ಬಾಯಿ ತೆರೆದೆ. ಅಮ್ಮ ನನ್ನ ಮುಂಗೈ ಹಿಡಿದು "ಇರು" ಎಂದಳು. ಅಪ್ಪ ಮೂರನೇ ಸಲ ಕರೆದ. ಬಹಳ ಹೊತ್ತು ಬಿಟ್ಟು, ಒಮ್ಮೆ ಕೆಮ್ಮಿ, ನಾಲ್ಕನೇ ಸಲ ಕರೆದ. ಆ ಸಲ ದನಿ ಕೊಂಚ ಇಳಿದಿತ್ತು. ಹಾಡು ಮುಗಿದು ಇನ್ನೊಂದು ಹಾಡು ಶುರುವಾಯಿತು. ನನಗೆ ಕಸಿವಿಸಿಯಾಗಿ ನಿಲ್ಲಲಾಗಲಿಲ್ಲ. ಅಮ್ಮ ಮಾತ್ರ ಕದಲಲಿಲ್ಲ.

ಕೊನೆಗೆ ಅಪ್ಪನೇ ಮನೆ ಸುತ್ತಿಕೊಂಡು ಬಂದ. ಮುಖ ಬೆವರಿತ್ತು, ಆದರೆ ಗೆದ್ದ ಖುಷಿಯೂ ಅದರ ಮೇಲಿತ್ತು. "ನೋಡ್ದ್ಯಾ, ಕೇಳಿಸ್ಲಿಲ್ಲ. ನಾನು ಅವತ್ತಿಂದ ಹೇಳ್ತಿರ್ಲಿಲ್ವಾ?"

"ನಾಲ್ಕು ಸಲ ಕರೆದ್ರಿ. ನಾಲ್ಕನೇ ಸಲಕ್ಕೆ ಮುಂಚೆ ಕೆಮ್ಮಿದ್ರಿ" ಎಂದಳು ಅಮ್ಮ.

ಅಪ್ಪನಿಗೆ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. "ಕೇಳಿಸಿದ್ಮೇಲೆ ಯಾಕೆ ಬರ್ಲಿಲ್ಲ?" ಎಂದ.

"ನೀವೇ ಹೇಳಿ."

ಅಮ್ಮನ ಮಾತಿನಲ್ಲಿ ಸಿಟ್ಟಿರಲಿಲ್ಲ. ತುಟಿಯಲ್ಲಿ ಸಣ್ಣ ನಗುವೇ ಇತ್ತು. ಅಪ್ಪ ಅಡುಗೆಮನೆಯಾಚೆ, ತಾನು ನಿಂತು ಬಂದ ಕಡೆಗೇ ನೋಡುತ್ತಿದ್ದ. ಆಮೇಲೆ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ.

"ಅಲ್ಲಿ ಒಂಚೂರೂ ನೆರಳಿಲ್ಲ ಕಣೇ" ಎಂದ.